ಹಳೆಯ ಔಟ್‌ಬೋರ್ಡ್ ಇಂಜಿನ್: ಬಿಚ್ಚಿ ಕಟ್ಟುವುದಾ, ಬಿಡುವುದಾ? ನಾಡದೋಣಿಯವರಿಗೆ ಸಮಗ್ರ ಮಾರ್ಗದರ್ಶಿ

ನಾಡದೋಣಿ ಇಟ್ಟುಕೊಂಡವರಿಗೆ ಏಪ್ರಿಲ್ ಕಳೆದು ಮೇ ಬಂತೆಂದರೆ ಒಂದೇ ಚಿಂತೆ. ದೋಣಿಯ ಹಿಂಬದಿಗೆ ಕಚ್ಚಿಸುವ ಈ ಔಟ್‌ಬೋರ್ಡ್ ಇಂಜಿನ್ ಇನ್ನೊಂದು ಮಳೆಗಾಲ ತಡೆಯುತ್ತದಾ? ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ದೊಡ್ಡ ಬೋಟುಗಳು ದಡದಲ್ಲಿರುತ್ತವೆ. 10 ಅಶ್ವಶಕ್ತಿವರೆಗಿನ ಇಂಜಿನ್ ಹಾಕಿದ ನಾಡದೋಣಿಗಳಿಗೆ ಮಾತ್ರ ಆಗ ಕಡಲಿಗಿಳಿಯಲು ಅವಕಾಶ. ಅವರ ರಜೆಯೇ ನಮ್ಮ ಹಂಗಾಮು. ಆದರೆ ಮಳೆಗಾಲದ ಕಡಲು ಅಂದರೆ ಹೊಳೆ ಕಡಲು ಸೇರುವ ಅಳಿವೆ ಬಾಯಿಯಲ್ಲಿ ಅಲೆ ಮುರಿಯುವ ಕಡಲು. ಅಲ್ಲಿ ಇಂಜಿನ್ ನಿಂತರೆ ಎರಡನೇ ಸಲ ಹಗ್ಗ ಎಳೆಯಲು ಸಮಯ ಸಿಗುವುದಿಲ್ಲ. ಹಾಗಾಗಿ ಈ ನಿರ್ಧಾರವನ್ನು ಬರೀ ದುಡ್ಡಿನ ಲೆಕ್ಕ ಅಂತ ನೋಡಬೇಡಿ.

ನಾನು ಉಡುಪಿ ಜಿಲ್ಲೆಯ ಗಂಗೊಳ್ಳಿ ಕಡೆಯವನು. ಇಲ್ಲಿ ಬರೆಯುವುದು ಹೆಚ್ಚಾಗಿ 8ರಿಂದ 15 ಅಶ್ವಶಕ್ತಿಯ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ ಬಗ್ಗೆ. ಪೆಟ್ರೋಲಿನದ್ದೂ ಸೇರಿದೆ, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವುದೂ ಸೇರಿದೆ. ನಮ್ಮ ದೋಣಿಗಳಲ್ಲಿ ಇರುವುದು ಬಹುಪಾಲು ಇಂಥವೇ.

ಮೊದಲು ನನ್ನ ಒಂದು ಅನುಭವ ಹೇಳುತ್ತೇನೆ. ನನ್ನ 9.9 ಅಶ್ವಶಕ್ತಿಯ ಇಂಜಿನ್ನಿನ ಕೆಳಗಿನ ಪಿಸ್ಟನ್ ಒಮ್ಮೆ ಸೀಜ್ ಆಯಿತು, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತಿತು. ಬಿಚ್ಚಿದೆ, ರೀಬೋರ್ ಮಾಡಿಸಿದೆ (ಸಿಲಿಂಡರನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿದೆ), ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿದೆ. ಇಪ್ಪತ್ತನೇ ದಿನ ಅದೇ ಸಿಲಿಂಡರ್ ಮತ್ತೆ ಸೀಜ್. ಬ್ಲಾಕ್ ಹೊತ್ತುಕೊಂಡು ಎರಡನೇ ಸಲ ಲೇತ್ ಅಂಗಡಿಗೆ ಹೋದಾಗ ಅಲ್ಲಿನ ಹಿರಿಯರು ಕೇಳಿದ್ದು ಒಂದೇ ಮಾತು: "ಹ್ವಾಯ್, ಎಂತಕ್ ಸೀಜ್ ಆಯ್ತ್ ಅಂದೇಳಿ ಕಂಡ್ರ್ಯಾ?" ನಾನು ನೋಡಿರಲಿಲ್ಲ. ಆಮೇಲೆ ನೋಡಿದರೆ ಪಿಸ್ಟನ್ನುಗಳು ತಿರುಗಿಸುವ ಶಾಫ್ಟಿನ, ಅಂದರೆ ಕ್ರ್ಯಾಂಕಿನ, ಕೆಳಗಿನ ಸೀಲ್ ಒಣಗಿ ಕಲ್ಲಾಗಿತ್ತು, ತುಟಿ ಹರಿದಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆಯುತ್ತಿತ್ತು. ಕೆಳಗಿನ ಸಿಲಿಂಡರಿಗೆ ಇಂಧನ ಕಡಿಮೆಯಾಗುತ್ತಿತ್ತು, ಇಂಧನದ ಜೊತೆ ಬರಬೇಕಾದ ಆಯಿಲೂ ಕಡಿಮೆಯಾಗುತ್ತಿತ್ತು. ಇಡೀ ರಿಪೇರಿಯಲ್ಲಿ ಅತಿ ಅಗ್ಗದ ಸಾಮಾನು ಆ ಸೀಲ್. ಅದು ತಿಂದದ್ದು ಎರಡು ಪಿಸ್ಟನ್.

ಆ ಮೇಲೆ ನಾನು ಕ್ರಮ ಬದಲಾಯಿಸಿದೆ. ಸ್ಪ್ಯಾನರ್ ಹಿಡಿಯುವ ಮೊದಲೇ ಮುಕ್ಕಾಲು ಪಾಲು ನಿರ್ಧಾರ ಮುಗಿದಿರಬೇಕು. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಹಂತ 1: ಪ್ಲೇಟ್ ಓದಿ, ಸಾಮಾನು ವಿಚಾರಿಸಿ

ದೋಣಿಗೆ ಕಚ್ಚಿಸುವ ಬ್ರಾಕೆಟ್ಟಿನ ಮೇಲೆ ಒಂದು ಸಣ್ಣ ಪ್ಲೇಟ್ ಇರುತ್ತದೆ. ಅದರಲ್ಲಿ ಮಾಡೆಲ್ ಕೋಡ್, ಸೀರಿಯಲ್ ನಂಬರ್ ಇರುತ್ತವೆ. ಉಪ್ಪು ಹಿಡಿದು ಮಾಸಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಫೋಟೊ ತೆಗೆದುಕೊಳ್ಳಿ. ಆ ಕೋಡ್ ಹೇಳಿ ಅಂಗಡಿಯಲ್ಲಿ ಐದು ಸಾಮಾನು ಕೇಳಿ: ಪಿಸ್ಟನ್ ಸೆಟ್, ಹೆಡ್ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್, ಇಂಪೆಲ್ಲರ್ (ತಂಪಿಗೆ ನೀರು ಎತ್ತುವ ಪಂಪಿನ ರಬ್ಬರ್ ಚಕ್ರ) ಕಿಟ್, ಗೇರ್ ಕೇಸಿನ ಸೀಲ್.

ಐದೂ ಸಿಗುತ್ತವೆ ಅಂದರೆ ಮುಂದಕ್ಕೆ ಹೋಗಿ. ಪಿಸ್ಟನ್ ಅಥವಾ ಗ್ಯಾಸ್ಕೆಟ್ ಸಿಗುವುದಿಲ್ಲ ಅಂದರೆ ಇಲ್ಲೇ ನಿಲ್ಲಿ. ಯಮಹಾ, ಸುಜುಕಿಯಂಥ ಹೆಸರಿನ ಹಳೆಯ ಮಾಡೆಲ್‌ಗಳಿಗೆ ಸಾಮಾನ್ಯವಾಗಿ ಸಾಮಾನು ಸಿಗುತ್ತದೆ. ಎವಿನ್‌ರೂಡ್ ಇಂಜಿನ್ ತಯಾರಿಕೆ 2020ರಲ್ಲೇ ನಿಂತುಹೋಯಿತು. ಅಂಥ ಇಂಜಿನ್ ಇದ್ದವರು ಸಾಮಾನು ಕೈಗೆ ಬಂದ ಮೇಲೆಯೇ ಬಿಚ್ಚುವುದು ಒಳ್ಳೆಯದು.

ಹಂತ 2: ಇಂಜಿನ್ ಸತ್ತದ್ದು ನಿಜವಾ?

"ಇಂಜಿನ್ ಹೋಯ್ತು" ಅಂತ ತರುವ ಎಷ್ಟೋ ಇಂಜಿನ್‌ಗಳ ಒಳಗೆ ಏನೂ ಆಗಿರುವುದಿಲ್ಲ. ಸಮಸ್ಯೆ ಇರುವುದು ಕಾರ್ಬುರೇಟರಿನಲ್ಲಿ, ಪೈಪಿನಲ್ಲಿ, ಇಲ್ಲವೇ ಪ್ಲಗ್ಗಿನಲ್ಲಿ.

ಮೊದಲು ಇಂಧನ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೈಪ್ ಹಿಚುಕಿ ನೋಡಿ. ಅಂಟಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಫ್ಯೂಯೆಲ್ ಪಂಪಿನ ಒಳಗಿನ ತೆಳುವಾದ ಡಯಾಫ್ರಾಮ್ ಕೂಡ ಹೀಗೆಯೇ ಸೋಲುತ್ತದೆ. ಕಾರ್ಬುರೇಟರ್ ಬಿಚ್ಚಿ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ಬೆಳಕು ದುಂಡಗೆ ಕಾಣಬೇಕು. ಸೀಮೆಎಣ್ಣೆ ಇಂಜಿನ್ ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸದೆ ಬಿಟ್ಟಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದಿರುತ್ತದೆ. ಮರುದಿನ ತಣ್ಣಗಿನ ಇಂಜಿನ್ ಅದರಲ್ಲಿ ಸ್ಟಾರ್ಟ್ ಆಗುವುದಿಲ್ಲ. ಅದಕ್ಕೆ ಇಂಜಿನ್ನನ್ನು ದೂರುವುದು ತಪ್ಪು.

ಹಗ್ಗ ಎಳೆದಾಗ ಕಾರ್ಬುರೇಟರಿನ ಬಾಯಿಯಿಂದ ಇಂಧನ ಹಿಂದಕ್ಕೆ ಉಗುಳುತ್ತದಾ? ಹಾಗಿದ್ದರೆ ರೀಡ್ ವಾಲ್ವ್ ನೋಡಿ, ಇಂಧನ ಹಿಂದಕ್ಕೆ ಬರದಂತೆ ತಡೆಯುವ ತೆಳು ಪಟ್ಟಿ ಅದು. ತುದಿ ಮುರಿದ ರೀಡ್ ಒಂದನ್ನು ಬದಲಾಯಿಸಿದರೆ ಎದ್ದು ನಿಲ್ಲುವ ಇಂಜಿನ್‌ಗಳಿವೆ.

ಆಮೇಲೆ ಕಿಡಿ. ಪ್ಲಗ್ ತೆಗೆದು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಬ್ಲಾಕಿಗೆ ತಾಗಿಸಿ ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಇರಲಿ, ಹತ್ತಿರ ಪೆಟ್ರೋಲ್ ಬೇಡ. ನೀಲಿ ಕಿಡಿ "ಟಪ್ ಟಪ್" ಅಂತ ಬರಬೇಕು. ತೆಗೆದ ಪ್ಲಗ್ಗನ್ನು ಸುಮ್ನೆ ಎಸೆಯಬೇಡಿ. ಕಂದು ಬಣ್ಣ ಇದ್ದರೆ ಒಳ್ಳೆಯದು. ಬಿಳಿಚಿಕೊಂಡಿದ್ದರೆ ಆ ಸಿಲಿಂಡರ್ ಜಾಸ್ತಿ ಬಿಸಿಯಾಗಿದೆ. ತುಕ್ಕಿನ ಕಲೆ ಇದ್ದರೆ ನೀರು ಒಳಗೆ ಬಂದಿದೆ.

ಹಂತ 3: ಕಂಪ್ರೆಶನ್

ಕಂಪ್ರೆಶನ್ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ. ನಿರ್ಧಾರದ ಜೀವಾಳ ಇದು. ಅವಸರ ಮಾಡಬೇಡಿ.

ಪ್ಲಗ್ ತೂತಿಗೆ ತಿರುಪುವ ಗೇಜ್ ಬೇಕು. ಓಡುವ ಇಂಜಿನ್ ಆದರೆ ಸ್ವಲ್ಪ ಬಿಸಿ ಮಾಡಿಕೊಳ್ಳಿ. ಒಣ ನೆಲದಲ್ಲಿ ಮಾತ್ರ ಬೇಡ. ನೀರಿಲ್ಲದೆ ತಿರುಗಿದರೆ ಇಂಪೆಲ್ಲರಿನ ರಬ್ಬರ್ ರೆಕ್ಕೆ ಕ್ಷಣಗಳಲ್ಲೇ ಸುಡುತ್ತದೆ. ಡ್ರಮ್ಮಿನಲ್ಲಿ ನೀರು ತುಂಬಿಸಿ ಅದರಲ್ಲಿ ನಿಲ್ಲಿಸಿ ಓಡಿಸಿ.

ಎರಡೂ ಪ್ಲಗ್ ತೆಗೆಯಿರಿ. ಪ್ಲಗ್ ವಯರುಗಳನ್ನು ಬ್ಲಾಕಿಗೆ ಅರ್ಥ್ ಮಾಡಿ, ಇಲ್ಲದಿದ್ದರೆ ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಳಾಗಬಹುದು. ಥ್ರಾಟಲ್ ಹೋಗುವಷ್ಟು ತೆರೆದಿಡಿ. ಗೇಜ್ ಹಾಕಿ ಐದಾರು ಸಲ, ಮುಳ್ಳು ಇನ್ನು ಏರುವುದಿಲ್ಲ ಅನ್ನುವವರೆಗೆ, ಒಂದೇ ಬಿರುಸಿನಲ್ಲಿ ಹಗ್ಗ ಎಳೆಯಿರಿ. ಬರೆದಿಟ್ಟುಕೊಳ್ಳಿ. ಇನ್ನೊಂದು ಸಿಲಿಂಡರಿಗೂ ಅಷ್ಟೇ ಸಲ ಎಳೆಯಿರಿ.

ಪೆಟ್ರೋಲ್ ಟೂ ಸ್ಟ್ರೋಕಿನಲ್ಲಿ 100 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ) ಮೇಲಿದ್ದರೆ ಸಾಮಾನ್ಯವಾಗಿ ಸಮಾಧಾನ. ಸೀಮೆಎಣ್ಣೆ ಇಂಜಿನ್ನಿನ ಕಂಪ್ರೆಶನ್ ಹುಟ್ಟಿನಿಂದಲೇ ಕಡಿಮೆ, ಅದನ್ನು ಪೆಟ್ರೋಲಿನ ಅಳತೆಯಲ್ಲಿ ತೂಗಬೇಡಿ. ಎರಡಕ್ಕೂ ಹೊಂದುವ ಅಳತೆ ಎಂದರೆ ಸಿಲಿಂಡರುಗಳ ನಡುವಿನ ವ್ಯತ್ಯಾಸ. ಶೇಕಡಾ 10ರ ಒಳಗಿದ್ದರೆ ಸರಿ. ನನ್ನದರಲ್ಲಿ ಮೇಲಿನದು 80, ಕೆಳಗಿನದು 50 ತೋರಿಸಿತ್ತು. ಅಷ್ಟು ಸಾಕು, ಕೆಳಗೆ ಏನೋ ಆಗಿದೆ ಅಂತ ಗೊತ್ತಾಯಿತು.

ಎರಡೂ ಒಂದೇ ಥರ ಕಡಿಮೆ ಬಂದರೆ ಮೊದಲು ಗೇಜಿನ ಮೇಲೆ ಅನುಮಾನ ಪಡಿ. ಪಕ್ಕದ ಮನೆಯವರ ಒಳ್ಳೆಯ ಇಂಜಿನ್ನಿಗೆ ಅದೇ ಗೇಜ್ ಹಾಕಿ ನೋಡಿ. ಗೇಜ್ ಸರಿ ಇದ್ದರೆ ಮುಂದಿನ ಪರೀಕ್ಷೆ: ಪ್ಲಗ್ ತೂತಿನೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಎಳೆಯಿರಿ. ಮುಳ್ಳು ಚೆನ್ನಾಗಿ ಮೇಲೇರಿದರೆ ಸೋರುತ್ತಿರುವುದು ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ). ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಆಗಿರಬಹುದು, ಪಿಸ್ಟನ್ನೇ ತೂತಾಗಿರಲೂಬಹುದು.

ರಿಂಗ್ ಸೋರುತ್ತಿದೆ ಅಂತ ಗೊತ್ತಾದರೂ ತಕ್ಷಣ ಬಿಚ್ಚಬೇಡಿ. ಸೀಮೆಎಣ್ಣೆ ಇಂಜಿನ್ನಿನಲ್ಲಿ ಮಸಿ ಜಾಸ್ತಿ. ಎಷ್ಟೋ ಸಲ ರಿಂಗ್ ಸವೆದಿರುವುದಿಲ್ಲ, ಮಸಿಯಿಂದ ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡಿರುತ್ತದೆ. ಕಾರ್ಬನ್ ಕ್ಲೀನರ್ ಪ್ಲಗ್ ತೂತಿನಿಂದ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಪ್ಲಗ್ ಇಲ್ಲದೆ ಹಗ್ಗ ಎಳೆದು ಎಲ್ಲಾ ಹೊರಗೆ ಹಾಕಿ, ಹಳೆಯ ಪ್ಲಗ್ ಹಾಕಿ ಡ್ರಮ್ಮಿನಲ್ಲಿ ಓಡಿಸಿ. ಹೊಗೆ ಬಂದರೆ ಬರಲಿ. ಮತ್ತೆ ಅಳೆಯಿರಿ. ಒಂದು ಡಬ್ಬಿ ಕ್ಲೀನರಿನಲ್ಲಿ ಉಳಿದ ಇಂಜಿನ್‌ಗಳನ್ನು ಕಣ್ಣಾರೆ ಕಂಡಿದ್ದೇನೆ.

ಹಂತ 4: ಕೆಳಗಿನ ಗೇರ್ ಕೇಸ್

ಎಲ್ಲರೂ ಮರೆಯುವ ಜಾಗ ಇದು. ಮೇಲಿನ ಇಂಜಿನ್ ಹೊಸದಾಗಿ ಕಟ್ಟಿ, ಕೆಳಗೆ ಗೇರ್ ಹಲ್ಲು ಉದುರಿದರೆ ಏನು ಪ್ರಯೋಜನ?

ಇಂಜಿನ್ ಒಂದು ರಾತ್ರಿ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಅಲುಗಾಡಿಸುವ ಮೊದಲು ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲಿಸಿ, ಒಂದು ಸ್ಟೀಲ್ ಲೋಟ ಹಿಡಿಯಿರಿ. ನೀರು ಆಯಿಲಿಗಿಂತ ಭಾರ, ಒಳಗಿದ್ದರೆ ಮೊದಲು ಅದೇ ಬರುತ್ತದೆ. ಆಮೇಲೆ ಮೇಲಿನ ಸ್ಕ್ರೂ ತೆಗೆಯಿರಿ, ಆಯಿಲ್ ಪೂರ್ತಿ ಇಳಿಯುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಸೋರುತ್ತಿದೆ. ಫ್ಯಾನ್ (ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್) ಬಿಚ್ಚಿ ಅದರ ಹಿಂದೆ ನೋಡಿ. ಬಲೆಯ ನೈಲಾನ್ ನೂಲು ಶಾಫ್ಟಿಗೆ ಸುತ್ತಿಕೊಂಡು, ಬಿಸಿಗೆ ಕರಗಿ ಸೀಲಿನ ತುಟಿ ಕೊಯ್ದಿರುತ್ತದೆ. ಕಂತುಬಲೆಯವರ ಇಂಜಿನ್ನಿನಲ್ಲಿ ಇದು ಮಾಮೂಲು.

ಲೋಟದ ತಳದಲ್ಲಿ ಒಂದು ಅಯಸ್ಕಾಂತ ಆಡಿಸಿ. ಕೂದಲಿನಂಥ ನುಣುಪು ಮಸಿ ಬಂದರೆ ಅದು ಸಹಜ ಸವೆತ. ಕೈಗೆ ಚುಚ್ಚುವ ಚೂರು ಬಂದರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ. ಬರೀ ಸೀಲ್ ಆದರೆ ಸಣ್ಣ ಖರ್ಚು. ಗೇರ್ ಸೆಟ್ಟೇ ಬೇಕಾದರೆ, ಅದರ ಮೇಲೆ ಪಿಸ್ಟನ್ ಕೆಲಸವೂ ಇದ್ದರೆ, ನನ್ನ ಮಟ್ಟಿಗೆ ಆ ಇಂಜಿನ್ ಬಿಡುವುದೇ ಸರಿ.

ಹಂತ 5: ಉಪ್ಪು ಎಲ್ಲಿವರೆಗೆ ತಿಂದಿದೆ

ಬೋಲ್ಟುಗಳನ್ನು ನೋಡಿ. ತಲೆಯ ಸುತ್ತ ಬಿಳಿ ಪುಡಿ ಉಬ್ಬಿ ಬಂದಿದ್ದರೆ ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಒಳಗೆ ಕೂತುಬಿಟ್ಟಿದೆ. ಹೆಡ್ಡಿನ ಬೋಲ್ಟು, ಎಕ್ಸಾಸ್ಟ್ ಕವರಿನ ಬೋಲ್ಟು, ಪವರ್ ಹೆಡ್ಡನ್ನು (ಮೇಲಿನ ಇಂಜಿನ್ ಭಾಗವನ್ನು) ಕೆಳಭಾಗಕ್ಕೆ ಹಿಡಿಯುವ ಬೋಲ್ಟು, ಈ ಮೂರು ಸಾಲು ಮುಖ್ಯ. ಒಂದನ್ನು ಆರಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಕಾದು, ನಿಧಾನವಾಗಿ ತಿರುಗಿಸಿ ನೋಡಿ. "ಕಿರ್" ಅಂದು ಬಿಟ್ಟರೆ ಒಳ್ಳೆಯದು. ರಬ್ಬರಿನ ಹಾಗೆ ಎಳೆದರೆ ಮುರಿಯುತ್ತದೆ, ಅಲ್ಲೇ ನಿಲ್ಲಿಸಿ. ಅದಕ್ಕೆ ಬಿಸಿ ಕೊಡಲು ಗೊತ್ತಿರುವ ಕೈ ಬೇಕು. ಮುರಿದ ಒಂದು ಬೋಲ್ಟನ್ನು ಕೊರೆದು ತೆಗೆಯಲು ಅರ್ಧ ದಿನ ಹೋಗುತ್ತದೆ.

ಇಂಜಿನ್ನಿನ ಬದಲು ತಾನೇ ಸವೆದು ಅದನ್ನು ಕಾಯುವ ಸತುವಿನ ಆನೋಡ್ ತುಂಡು ಉಳಿದಿದೆಯಾ ನೋಡಿ. ಪೂರ್ತಿ ಕರಗಿ ಹೋಗಿ ವರ್ಷಗಳಾಗಿದ್ದರೆ ಆ ವರ್ಷಗಳೆಲ್ಲ ಉಪ್ಪು ಇಂಜಿನ್ನಿನ ಮೈಯನ್ನೇ ತಿಂದಿದೆ. ಆನೋಡಿನ ಮೇಲೆ ಬಣ್ಣ ಬಳಿದಿದ್ದರೂ ಕತೆ ಅದೇ, ಬಣ್ಣದ ಕೆಳಗೆ ಅದು ಕೆಲಸ ಮಾಡುವುದಿಲ್ಲ.

ಇಂಜಿನ್ ಓಡುವಾಗ ಪಕ್ಕದ ತೂತಿನಿಂದ ನೀರು ಬಿರುಸಾಗಿ ಬರಬೇಕು. ಬರದಿದ್ದರೆ ಇಂಪೆಲ್ಲರ್ ಹೋಗಿರಬಹುದು, ಇಲ್ಲವೇ ದಾರಿಯಲ್ಲಿ ಉಪ್ಪು, ಮರಳು ಕಟ್ಟಿರಬಹುದು. ಸೀಜ್ ಆಗಲು ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಒಂದು ವೇಳೆ ಇಂಜಿನ್ ಕಡಲಿಗೆ ಬಿದ್ದದ್ದಾದರೆ

ದೋಣಿ ಮಗುಚಿ ಇಂಜಿನ್ ಮುಳುಗಿದ್ದರೆ ಲೆಕ್ಕ ಬೇರೆ. ಓಡುತ್ತಿರುವಾಗಲೇ ಮುಳುಗಿತಾ ಅಂತ ಮೊದಲು ಕೇಳಿ. ಹೌದಾದರೆ ಹಗ್ಗ ಎಳೆಯಬೇಡಿ. ಸಿಲಿಂಡರಿಗೆ ಹೊಕ್ಕ ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿರಬಹುದು. ಪ್ಲಗ್ ತೆಗೆದು ಕೈಯಲ್ಲಿ ಫ್ಲೈವ್ಹೀಲ್ ನಿಧಾನಕ್ಕೆ ತಿರುಗಿಸಿ, ಎಲ್ಲಾದರೂ ತಡೆದರೆ ಬಿಚ್ಚಲೇಬೇಕು.

ನಿಂತಿದ್ದಾಗ ಮುಳುಗಿದ್ದರೆ ಅದೇ ದಿನ ಸಿಹಿನೀರಿನಲ್ಲಿ ತೊಳೆದು, ನೀರು ಬಸಿದು, ಒಳಗೆಲ್ಲ ಆಯಿಲ್ ಹಾಯಿಸಿ, ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬೇಕು. ಗಾಳಿ ತಾಗಿದ ಮೇಲೆ ಉಪ್ಪುನೀರು ಬೇರಿಂಗನ್ನು ಗಂಟೆಗಳ ಲೆಕ್ಕದಲ್ಲಿ ತಿನ್ನುತ್ತದೆ. ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಮುಳುಗಿದ ಇಂಜಿನ್ "ಅಗ್ಗಕ್ಕೆ ಸಿಗುತ್ತದೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೊಳ್ಳಬೇಡಿ.

ಹಂತ 6: ಹೆಡ್ ಮಾತ್ರ ತೆಗೆದು ನೋಡಿ

ಇಲ್ಲಿಯವರೆಗಿನ ಪರೀಕ್ಷೆಯಲ್ಲಿ ಇಂಜಿನ್ ಪಾಸಾದರೆ ಹೆಡ್ ತೆಗೆಯಿರಿ. ಪೂರ್ತಿ ಬಿಚ್ಚುವುದು ಇನ್ನೂ ಬೇಡ. ಈಗ ಬೋರ್ ಕಣ್ಣಿಗೆ ಕಾಣುತ್ತದೆ. ಉಗುರು ಅಡ್ಡಕ್ಕೆ ಎಳೆದು ನೋಡಿ. ಗೀರು ಕಂಡರೂ ಉಗುರಿಗೆ ಸಿಗದಿದ್ದರೆ ಹೋನಿಂಗ್ (ಕಲ್ಲಿನಲ್ಲಿ ಉಜ್ಜಿ ನಯ ಮಾಡುವುದು) ಸಾಕಾಗಬಹುದು. ಉಗುರು ಸಿಕ್ಕಿಕೊಂಡರೆ ರೀಬೋರ್.

ಗೀರು ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಇದ್ದರೆ ಆಯಿಲ್ ಕಡಿಮೆ ಅಥವಾ ಇಂಧನ ಕಡಿಮೆ ಅಂತ ಅನುಮಾನಿಸಿ. ಸುತ್ತಲೂ ಇದ್ದರೆ ನೀರಿನ ತಂಪು ಸಾಲದೆ ಇಂಜಿನ್ ಕಾದಿದೆ. ಒಂದೇ ಸಿಲಿಂಡರಿನಲ್ಲಿ ಇದ್ದರೆ ಆ ಬದಿಯ ಸೀಲ್, ಆ ಬದಿಯ ರೀಡ್ ನೋಡಲೇಬೇಕು. ಕಾರಣ ಸಿಗುವವರೆಗೆ ಪಿಸ್ಟನ್ ತರಲು ಹೋಗಬೇಡಿ.

ಪಿಸ್ಟನ್ ತಲೆಯ ಮಸಿ ಕೆರೆದು ನೋಡಿ. 025 ಅಥವಾ 050 ಅಂತ ಒತ್ತಿದ್ದರೆ ಈ ಬ್ಲಾಕ್ ಈಗಾಗಲೇ ರೀಬೋರ್ ಆಗಿದೆ. 0.25 ಮತ್ತು 0.50 ಮಿಲಿಮೀಟರ್, ಸಾಮಾನ್ಯವಾಗಿ ಸಿಗುವ ಓವರ್‌ಸೈಜ್ ಈ ಎರಡು. 050 ಇದ್ದು ಅದರಲ್ಲೂ ಗೀರು ಬಿದ್ದಿದ್ದರೆ ಮುಂದೆ ಲೈನರ್ (ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬೇಕು, ಖರ್ಚು ಬೇರೆಯೇ ಆಗುತ್ತದೆ.

ಕೊನೆಗೆ ಕ್ರ್ಯಾಂಕ್. ಪಿಸ್ಟನ್ ತಲೆಯನ್ನು ಬೆರಳಿನಲ್ಲಿ ಒತ್ತಿ ಹಿಡಿದು ಫ್ಲೈವ್ಹೀಲನ್ನು ಹಿಂದೆ ಮುಂದೆ ಸ್ವಲ್ಪವೇ ಅಲುಗಿಸಿ. "ಟಕ್" ಅಂತ ಬೆರಳಿಗೆ ತಾಗಿದರೆ ರಾಡಿನ ಬೇರಿಂಗ್ ಸವೆದಿದೆ. ಫ್ಲೈವ್ಹೀಲನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಆಟ ಇದ್ದರೆ ಮೇಲಿನ ಬೇರಿಂಗ್ ಹೋಗಿದೆ. ಸಣ್ಣ ಟೂ ಸ್ಟ್ರೋಕಿನ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿರುತ್ತಾರೆ. ಬಿಡಿಸಿ ಮತ್ತೆ ನೇರಕ್ಕೆ ಕೂರಿಸುವುದು ಎಲ್ಲ ಲೇತಿನವರಿಗೂ ಬರುವ ಕೆಲಸವಲ್ಲ. ಕ್ರ್ಯಾಂಕ್ ಹೋಗಿದ್ದರೆ ಹತ್ತರಲ್ಲಿ ಎಂಟು ಸಲ ನನ್ನ ಉತ್ತರ "ಬಿಡಿ" ಅಂತಲೇ.

ಹಂತ 7: ಕಾಗದದ ಮೇಲೆ ಲೆಕ್ಕ

ಒಂದು ಹಾಳೆಯಲ್ಲಿ ಬರೆಯಿರಿ: ಪಿಸ್ಟನ್ ಸೆಟ್, ಬೋರಿಂಗ್ ಕೂಲಿ, ಗ್ಯಾಸ್ಕೆಟ್ ಮತ್ತು ಸೀಲುಗಳು ಪೂರ್ತಿ ಸೆಟ್, ಇಂಪೆಲ್ಲರ್, ಕಾರ್ಬುರೇಟರ್ ಕಿಟ್, ಪೈಪ್, ಪ್ಲಗ್, ಆಯಿಲ್, ಮೆಕ್ಯಾನಿಕ್ ಕೂಲಿ. ಬಂದ ಮೊತ್ತಕ್ಕೆ ಕಾಲು ಭಾಗ ಸೇರಿಸಿ. ಮುರಿಯುವ ಬೋಲ್ಟಿಗೆ, ಬಿಚ್ಚಿದ ಮೇಲೆ ಕಾಣುವ ಇನ್ನೊಂದಕ್ಕೆ ಅದು ಬೇಕೇ ಬೇಕು. ಆಮೇಲೆ ಅಷ್ಟೇ ಶಕ್ತಿಯ, ಚೆನ್ನಾಗಿ ಓಡುವ ಸೆಕೆಂಡ್ ಹ್ಯಾಂಡ್ ಇಂಜಿನ್ ಎಷ್ಟಕ್ಕೆ ಸಿಗುತ್ತದೆ ವಿಚಾರಿಸಿ. ನಿಮ್ಮ ಮೊತ್ತ ಅದರ ಅರ್ಧದ ಒಳಗಿದ್ದರೆ ಕಟ್ಟಿ. ಮುಕ್ಕಾಲು ದಾಟಿದರೆ ಬಿಡಿ. ನಡುವೆ ಇದ್ದರೆ ಗೇರ್ ಕೇಸ್ ಮತ್ತು ಬೋಲ್ಟುಗಳ ಸ್ಥಿತಿ ನೋಡಿ ತೀರ್ಮಾನಿಸಿ.

ಹೊಸದು ಕೊಳ್ಳುವ ಯೋಚನೆ ಇದ್ದರೆ ಮೂರು ವಿಷಯ ನೆನಪಿರಲಿ. 10 ಅಶ್ವಶಕ್ತಿ ದಾಟಿದರೆ ಮಳೆಗಾಲದ ಆ 61 ದಿನ ನಿಮಗಿಲ್ಲ. ಎರಡನೆಯದು ತೂಕ. ಹಳೆಯ 15ರ ಟೂ ಸ್ಟ್ರೋಕ್ 35 ಕಿಲೋ ಆಸುಪಾಸು ಇದ್ದರೆ ಅದೇ ಶಕ್ತಿಯ ಫೋರ್ ಸ್ಟ್ರೋಕ್ 50 ಕಿಲೋ ಹತ್ತಿರ ತೂಗುತ್ತದೆ. ದೋಣಿಯ ಹಿಂಬದಿ ಹಲಗೆ ತಡೆಯುತ್ತದಾ, ಮರಳಿನ ಮೇಲೆ ದಿನಾ ಹೊರುವವರು ಯಾರು? ಮೂರನೆಯದು ಇಂಧನ. ಸಬ್ಸಿಡಿ ಸೀಮೆಎಣ್ಣೆ ಮೊದಲಿನ ಹಾಗೆ ಸಿಗುವುದಿಲ್ಲ. ಸೀಮೆಎಣ್ಣೆ ಇಂಜಿನ್ನಿಗೆ ದೊಡ್ಡ ಮೊತ್ತ ಸುರಿಯುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ಇಂಜಿನ್ ಬದಲಾವಣೆಗೆ ಈಗ ಸಹಾಯಧನ ಇದೆಯಾ ಅಂತ ಕೇಳಿ ಬನ್ನಿ.

ಕಟ್ಟುವುದು ಅಂತ ಆದರೆ

ಪಿಸ್ಟನ್ ಮೊದಲು ತನ್ನಿ, ಆಮೇಲೆ ಬ್ಲಾಕನ್ನು ಲೇತಿಗೆ ಕೊಡಿ. ಕೈಯಲ್ಲಿರುವ ಪಿಸ್ಟನ್ ಅಳೆದೇ ಬೋರ್ ಮಾಡಬೇಕು. ಬೋರ್ ಆದ ಮೇಲೆ ಪೋರ್ಟಿನ (ಸಿಲಿಂಡರಿನ ಗೋಡೆಯಲ್ಲಿರುವ ತೂತಿನ) ಅಂಚುಗಳನ್ನು ನಯ ಮಾಡಿಸಲು ಹೇಳಲೇಬೇಕು. ಚೂಪಾದ ಅಂಚಿಗೆ ರಿಂಗ್ ಸಿಕ್ಕಿ ಮೊದಲ ದಿನವೇ ಮುರಿಯುತ್ತದೆ. ಬೈಕ್, ಕಾರಿನ ಕೆಲಸ ಮಾಡಿ ರೂಢಿಯಾದವರು ಇದನ್ನು ಮರೆಯುವುದುಂಟು. ಬೇರಿಂಗಿನ ಸೂಜಿಗಳು ಬಿಡಿಬಿಡಿಯಾಗಿ ಉದುರುತ್ತವೆ. ಬಿಳಿ ಬಟ್ಟೆ ಹಾಸಿ ಬಿಚ್ಚಿ, ಎಣಿಸಿ ಬರೆದಿಡಿ. ಸೀಲುಗಳಲ್ಲಿ ಒಂದನ್ನೂ ಉಳಿಸಬೇಡಿ, ಎಲ್ಲಾ ಹೊಸದು.

ಮೊದಲ 10 ಗಂಟೆ ಹೊಳೆಯೊಳಗೇ ಓಡಿಸಿ. ಪೂರ್ತಿ ಥ್ರಾಟಲ್ ಬೇಡ, ವೇಗ ಆಗಾಗ ಬದಲಾಯಿಸುತ್ತಿರಿ. ಎಷ್ಟೋ ಪೆಟ್ರೋಲ್ ಮಾಡೆಲ್‌ಗಳಲ್ಲಿ ಈ ಅವಧಿಗೆ 25 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್, ಆಮೇಲೆ 50ಕ್ಕೆ 1. ನಿಮ್ಮ ಮಾಡೆಲ್ಲಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆ ಮಾತು. ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು, ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್ ಅನ್ನುವ ಗುರುತು ಅದು. ಬೈಕಿನ ಟೂ ಸ್ಟ್ರೋಕ್ ಆಯಿಲ್ ಇದಕ್ಕಲ್ಲ. ಹತ್ತು ಗಂಟೆ ಕಳೆದ ಮೇಲೆ ಮತ್ತೆ ಕಂಪ್ರೆಶನ್ ಅಳೆದು, ಎರಡೂ ಸಿಲಿಂಡರ್ ಸಮ ಬಂದರೆ ಮಾತ್ರ ಅಳಿವೆ ದಾಟಿ.

ಬಿಡುವುದು ಅಂತ ಆದರೆ

ಇಡಿಯಾಗಿ ಗುಜರಿಗೆ ಹಾಕಬೇಡಿ. ಕಾರ್ಬುರೇಟರ್, ಸಿಡಿಐ, ಕಾಯಿಲ್, ಹಗ್ಗದ ಸ್ಟಾರ್ಟರ್, ಫ್ಯಾನ್, ಒಳ್ಳೆಯ ಗೇರ್ ಕೇಸ್, ಬ್ರಾಕೆಟ್, ಇವೆಲ್ಲ ಅದೇ ಮಾಡೆಲ್ ಇದ್ದವರಿಗೆ ಬೇಕಾದ ಸಾಮಾನು. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಆಯಿಲ್ ಬಟ್ಟೆಯಲ್ಲಿ ಸುತ್ತಿ, ಮಾಡೆಲ್ ಕೋಡ್ ಬರೆದ ಚೀಟಿ ಕಟ್ಟಿಡಿ. ನನ್ನ ಹಳೆಯ 9.9 ಕೊನೆಗೆ ಹೋದದ್ದು ಹೀಗೆಯೇ. ಅದರ ಗೇರ್ ಕೇಸ್ ಈಗ ಪಕ್ಕದ ದೋಣಿಯಲ್ಲಿ ತಿರುಗುತ್ತಿದೆ.